ಅಳೆಯದ ಗುಡ್ಡ

ಗುಡಾರದಿಂದ,
ಸೋಮವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ಉತ್ತರ ಬರೆಯಲು ಕೈ ಏಳಲಿಲ್ಲ. ಕಾಲುವೆ ನಿಮ್ಮ ಬೀದಿಯ ಮೇಲೇ ಹಾಯುತ್ತದೆಂದು ಗೊತ್ತಾಗಿ ನೆರೆಹೊರೆಯವರು ತಕರಾರು ಅರ್ಜಿ ಬರೆದಾಗ, ನೀನೇ ಅದನ್ನು ತಡೆದೆಯಂತೆ. ನನ್ನ ತಮ್ಮನೇ ಅಳೆದಿದ್ದಾನೆ, ಬೇರೆ ದಾರಿ ಇದ್ದಿದ್ರೆ ನಮ್ಮನೆ ಮೇಲೆ ಯಾಕೆ ಗೆರೆ ಎಳೀತಿದ್ದ ಎಂದೆಯಂತೆ. ಓದಿ ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಅಕ್ಕಾ, ಬೇರೆ ದಾರಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಳೆಯಲೇ ಇಲ್ಲ.

ಕಾಲುವೆಗೆಂದು ಅಳೆಯಲು ನಮಗೆ ಕೊಟ್ಟಿದ್ದು ಎರಡು ದಾರಿ. ಒಂದು ನಿಮ್ಮ ಬೀದಿಯದು, ಇನ್ನೊಂದು ಊರಾಚೆಯ ಗುಡ್ಡದ ಮಗ್ಗುಲಿನದು. ಬೀದಿಯನ್ನು ಅಡಿ ಅಡಿಗೂ ಅಳೆದೆ. ಗುಡ್ಡಕ್ಕೆ ಹೊರಟ ದಿನ, ಅಳತೆಕೋಲು ಹಿಡಿಯುವವರನ್ನು ಮರದಡಿ ಕೂರಿಸಿ, ಒಂದು ಗಳಿಗೆ ಎಂದು ನಿನ್ನ ಮನೆಗೆ ಬಂದೆ. ನೀನು ಬಡಿಸುತ್ತಲೇ ಹೋದೆ, ನಾನು ಹೊಟ್ಟೆ ಬಿರಿಯ ತಿಂದೆ. ನಿನ್ನ ಹೊಲಿಗೆ ಯಂತ್ರದ ಸದ್ದಿಗೆ ಜೊಂಪು ಹತ್ತಿತು. ಎದ್ದಾಗ ಹೊತ್ತು ಮುಳುಗುತ್ತಿತ್ತು. ಕಾದು ಕಾದು ಅಳತೆಕೋಲಿನವರೂ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆಯೇ ಅಳತೆಯ ಪುಸ್ತಕ ಒಪ್ಪಿಸಬೇಕಿತ್ತು. ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು, ಗುಡ್ಡದ ಕಡೆ ಕಣ್ಣು ಹಾಯಿಸಿ, ಎತ್ತರಗಳನ್ನು ಅಂದಾಜಿನಲ್ಲಿ ಗೀಚಿದೆ. ಕಡಿಮೆಯಾದೀತೆಂಬ ಭಯಕ್ಕೆ ಒಂದು ಕೈ ಜಾಸ್ತಿಯೇ ಬರೆದೆ. ಅಷ್ಟು ಎತ್ತರ ಕಡಿಯಲಾಗದೆಂದು ಎಂಜಿನಿಯರ್ ಸಾಹೇಬರು ಗುಡ್ಡದ ದಾರಿ ಕೈಬಿಟ್ಟರು.

ಉಂಡ ಮನೆಗೇ ಕನ್ನ ಹಾಕಿದೆ. ಚಿಕ್ಕಂದಿನಲ್ಲಿ ನನ್ನ ಲೆಕ್ಕ ತಪ್ಪಾದರೆ ನೀನೇ ತಿದ್ದಿ, ಇವನೇ ಮಾಡಿದ್ದು ಅಂತ ಅಪ್ಪನಿಗೆ ತೋರಿಸುತ್ತಿದ್ದೆ. ತಪ್ಪಾದರೂ ಯಾರೋ ತಿದ್ದುತ್ತಾರೆಂಬ ಆ ಚಾಳಿಯೇ ನನ್ನಲ್ಲಿ ಉಳಿಯಿತೇನೋ.

ನಿನ್ನೆ ಸಾಹೇಬರ ಮುಂದೆ ಪುಸ್ತಕ ಇಟ್ಟು ಎಲ್ಲ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಮೊದಲು ಹೋಗಿ ಅಳ್ಕೊಂಡ್ ಬಾ, ನಿನ್ನ ಕೆಲಸದ ಮಾತು ಆಮೇಲೆ ಅಂದರು. ಇವತ್ತೇ ಹೊರಟಿದ್ದೇನೆ. ಗುಡ್ಡ ನಿಜಕ್ಕೂ ಅಷ್ಟು ಎತ್ತರವಿದ್ದರೆ ನಿನ್ನ ಮನೆ ಹೋಗುತ್ತದೆ. ಆದರೂ ಇದ್ದದ್ದನ್ನೇ ಬರೆಯುತ್ತೇನೆ. ಬೀದಿಯವರಿಗೆ ಅರ್ಜಿ ಕೊಡಲು ಹೇಳು. ಈ ಸಲ ನನ್ನನ್ನು ಊಟಕ್ಕೆ ಕರೆಯಬೇಡ.

ಮುಖ ತೋರಿಸಲಾಗದ,
ನಿನ್ನ ತಮ್ಮ

ತಾ.ಕ.: ಸಾಹೇಬರಿಗೆ ತೋರಿಸಲು 'ಗುಡ್ಡದ ದಾರಿ' ಎಂದು ನಾನು ಮೊದಲೇ ತಲೆಬರಹ ಹಾಕಿಟ್ಟಿದ್ದ ಆ ಪುಟ ತೆರೆದಾಗ, ಅದರಲ್ಲೊಂದು ಹೆಬ್ಬೆರಳ ಗುರುತು ಕಂಡಿತು. ಹೊಲಿಗೆ ಯಂತ್ರದ ಎಣ್ಣೆಯದು. ಅದರ ಮೇಲೆ ಬರೆದ ನನ್ನ ಅಂಕಿಗಳ ಮಸಿ ಹಿಡಿಯದೆ ಒಡೆದಿದೆ. ಅಂದರೆ ನಾನು ಮಲಗಿದ್ದಾಗಲೇ ನೀನು ಆ ಖಾಲಿ ಪುಟ ನೋಡಿದ್ದೆ. ಇದನ್ನು ಸಾಹೇಬರಿಗೆ ಹೇಳಲಿಲ್ಲ. ಎಲ್ಲ ಗೊತ್ತಿದ್ದೂ, ನನ್ನ ಮಾನ ಉಳಿಸಲು ಮನೆಯನ್ನೇ ಬಿಟ್ಟುಕೊಡಲು ಹೊರಟಿದ್ದೆಯಲ್ಲ ಅಕ್ಕಾ.