ಸ್ಮಶಾನದ ದಾರಿ ಗೆದ್ದ ದಿನ

ಅಪ್ಪಾ,

ತುರ್ವಿಹಾಳದ ನಮ್ಮ ಸ್ಮಶಾನದ ದಾರಿ ಕೇಸನ್ನು ಇವತ್ತು ಹೈಕೋರ್ಟಿನಲ್ಲಿ ಗೆದ್ದೆ. ತೀರ್ಪು ಕೊಟ್ಟವರು ಅದೇ ನ್ಯಾಯಮೂರ್ತಿ. ದಾರಿಗೆ ಬೇಲಿ ಹಾಕಿದ ಹೊಲದವರ ಧರ್ಮದವರೆಂದು, ಅವರ ಪೀಠ ತಪ್ಪಿಸಲು ಎರಡು ವರ್ಷ ವಾಯಿದೆ ಮೇಲೆ ವಾಯಿದೆ ಕೇಳಿದೆನಲ್ಲ, ಅವರೇ.

"ಹೆಸರು ನೋಡಿ ನಮ್ಮನ್ನ ತೂಗಿದವರು ಬಾಳ ಮಂದಿ. ವಕೀಲಳಾಗಿ ನೀನೂ ಹಂಗ ತೂಗಬ್ಯಾಡವ್ವ," ಅಂದಿದ್ದೆ ನೀನು.

"ನಿಂಗ ಕೋರ್ಟು ತಿಳಿಯಂಗಿಲ್ಲ, ಸುಮ್ಕಿರು," ಅಂದಿದ್ದೆ ನಾನು.

"ಇಷ್ಟು ದಿನ ಯಾಕಮ್ಮ ತಡ ಮಾಡಿದಿರಿ?" ಎಂದು ಇವತ್ತು ನ್ಯಾಯಮೂರ್ತಿಗಳು ಕೇಳಿದರು. ಕಾಗದ ಸಿಕ್ಕಿರಲಿಲ್ಲ ಸ್ವಾಮಿ, ಎಂದೆ.

ನಾಳೆ ಬೇಲಿ ಕೀಳುತ್ತಾರೆ. ಹೋದ ವರ್ಷ ನಿನ್ನನ್ನು ಹೊತ್ತು ಕಾಲುವೆಯ ಕೆಸರಿನಲ್ಲಿ ಎರಡು ಮೈಲಿ ಸುತ್ತಿದವರೇ ಸಂಜೆ ನನಗೆ ಹಾರ ತಂದರು. ಬೇಡ ಎನ್ನಲಿಲ್ಲ ಅಪ್ಪಾ, ಕೊರಳು ಬಗ್ಗಿಸಿದೆ.

ಸುರೇಖಾ