ಕಾಲುವಿ ಹಾದಿಗೆ ಹಿಂದಿನ ಆಕ್ಸಲ್

ಮಾಳಮ್ಮಕ್ಕ,

ಇದು ನಿನಗ ಮುಟ್ಟಂಗಿಲ್ಲ, ಗೊತ್ತದ. ಆದ್ರೂ ಹೇಳಬೇಕು. ದೇವಾಪುರದ ಕಾಲುವಿ ಹಾದಿಗಂತ ನಾನೇ ಒಂದು ಗಾಡಿ ಕಟ್ಟಾಕತ್ತೇನಿ. ಇವತ್ತು ಅದಕ್ಕ ಹಿಂದಿನ ಆಕ್ಸಲ್ ಆರಿಸಾಕ ಯಾದಗಿರಿ ಗುಜರಿ ಅಂಗಡಿಗೆ ಹೋಗಿದ್ದೆ. ನನ್ನ ಹೆಂಡತಿ ಕರೆಮ್ಮ, ನೀ ಆಕಿನ್ನ ನೋಡಿಲ್ಲ, ಈಗ ಬಸುರಿ ಅದಾಳ. ಬ್ಯಾಡಂದ್ರೂ ಬಂದಳು.

ಗುಜರಿ ಖಾಜಾಸಾಬ ಜೀಪಿನ ಆಕ್ಸಲ್ ತೋರಿಸಿ, "ಇದು ಮುರಿಯಂಗಿಲ್ಲ, ತಗೋ" ಅಂದ.

"ಖರೇ ಮಾಮಾ, ಆದ್ರ ಭಾಳ ಭಾರ. ನಮ್ಮ ಎರಿಮಣ್ಣಾಗ ಹೂತು ಕುಂದರತದ."

ಹಳೇ ವ್ಯಾನಿನ ಹಗುರ ಆಕ್ಸಲ್ ಹಿಡಿದು ತಿರುಗಿಸಿ, ಕಿವಿಗೊಟ್ಟು ಕೇಳಿದೆ. ಒಳಗ ಗೇರಿನ ಹಲ್ಲು ಚಲೋ ಅದಾವ, ಅದನ್ನೇ ಆರಿಸಿದೆ. ಗಾಲಿ ತಿರುಗಿಸಾಕ ಚೈನು ಹಾಕಿದ್ರ ಅದಕ್ಕ ಕೆಸರು ಹಿಡಿತದಂತ ಅದೇ ವ್ಯಾನಿನ ಎಂಜಿನ್, ಗೇರ್‌ಬಾಕ್ಸ್, ಶಾಫ್ಟೂ ತಗೊಂಡೆ.

"ರೇಸಿಗೇನೋ?" ಅಂತ ಖಾಜಾಸಾಬ ನಕ್ಕ.

"ಅಲ್ರಿ, ದವಾಖಾನಿಗೆ" ಅಂದಳು ಕರೆಮ್ಮ.

ಅವತ್ತು ನಿನ್ನ ಹೆರಿಗಿಗೆ ಒಯ್ಯಾಕತ್ತಿದ್ದ ಬಂಡಿ ಆ ಕಾಲುವಿ ಹಾದ್ಯಾಗ ಹೂತು, ನೀ ಕಣ್ಣು ಮುಚ್ಚಿದ ಜಾಗದಾಗ ಈಗೂ ಕೆಸರದ. ಈ ಮಳಿಗಾಲಕ್ಕ ನನ್ನ ಗಾಡಿ ಅಲ್ಲಿ ನಿಲ್ಲಂಗಿಲ್ಲ.

ಸಂಜಿಗೆ ಗಾಡಿ ಹಿಂದ ಮಲಗೋ ಜಾಗದ ಅಳತಿ ಕೊಡಾಕ ಕರೆಮ್ಮ ನೆಲದ ಮ್ಯಾಲ ಮಲಗಿದಳು. ಆಕಿ ನಿನಗಿಂತ ಗೇಣು ಗಿಡ್ಡ. ನಾ ಆ ಜಾಗದ ಚೌಕಟ್ಟಿನ ಪೈಪು ನಿನ್ನ ಅಳತಿಗೇ ಕೊಯ್ದೆ.

ನಿನ್ನ ತಮ್ಮ,
ಸಾಬಣ್ಣ