ಅವರ ಗುಲಾಬಿ ಕುಂಡಗಳಿಗೆ ನೀರು

ಹೊನ್ನಿ,

ನಿನ್ನ ಅಣ್ಣನ ಹದಿಮೂರನೆಯ ದಿನ ನಿನ್ನೆಗೆ ಮುಗಿಯಿತು. ಇಂದು ಮನೆಯಲ್ಲಿ ನೆಂಟರಿಲ್ಲ. ಅವರ ಗುಲಾಬಿ ಕುಂಡಗಳನ್ನು ಇನ್ನು ನಾವೇ ನೋಡಿಕೊಳ್ಳಬೇಕು.

ಎರಡು ದಿನ ನೀರು ಬೇಡ. ಬಂದವರೆಲ್ಲ ಅವರ ಹೆಸರು ಹೇಳಿ ಒಂದೊಂದು ಚೆಂಬು ಸುರಿದು ಹೋಗಿದ್ದಾರೆ. ಬೇರು ಕೊಳೆಯುವ ಹಾಗಾಗಿದೆ. ಆಮೇಲೆ ಬೆರಳು ಇಳಿಸಿ ನೋಡಿ ಹಾಕು. ಸೊಪ್ಪಿನ ಗೊಬ್ಬರ ಬೆರೆಸಿದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ.

ಹೊಸ ಚಿಗುರು ಬಂದ ಮೇಲೆ ಸಗಣಿ ನೀರು ಕೊಡು, ಚಹಾದಷ್ಟು ತೆಳ್ಳಗೆ.

ಇದೆಲ್ಲ ನಿನಗೆ ಗೊತ್ತು. "ಹೊನ್ನೀ, ಬೆರಳು ಹಾಕಿ ನೋಡೇ" ಎಂದು ಅವರು ದಿನಾ ನಿನ್ನನ್ನೇ ಕೂಗುತ್ತಿದ್ದರು. "ಅತ್ತಿಗೆಗೆ ಹೇಳು ಅಣ್ಣ" ಎಂದು ನೀನಂದರೆ, "ಬಿ.ಎ. ಓದಿದವಳಿಗೆ ಮಣ್ಣಿನ ವಿಷ್ಯ ಎಂತ ಗೊತ್ತು?" ಎನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದಿರಿ. ನಾನು ಒಳಗಿನಿಂದ ಕೇಳಿಸಿಕೊಂಡೇ ಕಲಿತೆ.

ನೀರು ಹಾಕುವ ಝಾರಿಯನ್ನು ಹುಡುಕಬೇಡ, ಚೆಂಬು ಸಾಕು. ಝಾರಿ ಅವರು ಎಕ್ಕಂಬಿಯ ವೆಂಕಮ್ಮನವರಿಂದ ಎರವಲು ತಂದದ್ದು, ಹಿಂತಿರುಗಿಸಲು ಒಯ್ಯುತ್ತಿದ್ದೇನೆ. ವೆಂಕಮ್ಮನವರೇನೂ ಕೇಳಿ ಕಳಿಸಿಲ್ಲ. ಬೆಳಿಗ್ಗೆ ನೀನು ಅದನ್ನು ಹಿಡಿದು, ನಿನ್ನ ಅಣ್ಣ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೆ. ನನ್ನಿಂದ ನೋಡಲಾಗಲಿಲ್ಲ.

ಅತ್ತಿಗೆ